ವೀಣೆಯ ಮಿಡಿತವೂ ಯಂತ್ರದ ‘ಮಿಡಿ’ಯೂ

ಕಲ್ಯಾಣಿ ರಾಗದಲ್ಲಿ ಸಾಧಾರಣ ಗಾಂಧಾರಕ್ಕೆ ಎಡೆಯಿಲ್ಲವೆಂಬುದು ಸಂಗೀತದ ಮೊದಲ ಪಾಠಗಳನ್ನು ಕಲಿತವರಿಗೆಲ್ಲ ತಿಳಿದ ಮಾತು. ಅಲ್ಲಿ ಇರತಕ್ಕದ್ದು ಅಂತರ ಗಾಂಧಾರ. ಹೀಗಿರಲು, ಕಳೆದ ಬೇಸಗೆಯ ರಜದಲ್ಲಿ ಕೊಪ್ಪದ ನಮ್ಮ ಮನೆಯಲ್ಲಿ ಅಜ್ಜಿ ವೀಣೆಯ ಮೇಲೆ ನುಡಿಸಿದ ಕಲ್ಯಾಣಿಯನ್ನು ಕಂಪ್ಯೂಟರು ಕೇಳಿ ಬರೆದುಕೊಂಡಾಗ, ಎರಡು ಮೀಟುಗಳ ನಡುವೆ ಎಲ್ಲೆಲ್ಲಿ ಬಿಡುವು ಸಿಕ್ಕಿತೋ ಅಲ್ಲೆಲ್ಲ ಮಂದ್ರಸ್ಥಾಯಿಯ ಸಾಧಾರಣ ಗಾಂಧಾರವೊಂದು ಬಂದು ಕುಳಿತಿತ್ತು. ಬರೆದುದನ್ನು ಯಂತ್ರವೇ ನುಡಿಸಿ ತೋರಿಸಿತು. ಅಜ್ಜಿ ಒಂದು ನಿಮಿಷ ಕೇಳಿ, “ನಿಲ್ಲಿಸೋ ಅದನ್ನ. ನನ್ನ ಕಲ್ಯಾಣಿಗೆ ಈ ಗಾಂಧಾರ ತುರುಕಿದೋನು ಯಾರು?” ಎಂದರು. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದುದು ಮೂರು ವಾರಗಳ ಮೇಲೆ. ಆ ಮೂರು ವಾರಗಳಲ್ಲಿಯೂ ಅನಂತರವೂ ಕಲಿತ ಸಂಗತಿಗಳನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಈ ಕೆಲಸಕ್ಕೆ ಕೈಹಾಕಿದುದು ಹುಡುಗಾಟಿಕೆಯಿಂದಲ್ಲ. ಅಜ್ಜಿಗೆ ಈಗ ಎಂಬತ್ತೊಂದು ವರ್ಷ. ಮೈಸೂರಿನಲ್ಲಿ ಬಾಲ್ಯದಲ್ಲಿ ಗುರುಮುಖದಿಂದ ವೀಣೆ ಕಲಿತವರು. ಮದುವೆಯಾಗಿ ಕೊಪ್ಪಕ್ಕೆ ಬಂದ ಮೇಲೆ ಸಂಜೆ ದೀಪ ಹಚ್ಚಿದ ನಂತರ ಒಂದು ಗಳಿಗೆ ನುಡಿಸಿದ್ದಷ್ಟೇ ಅವರ ಕಚೇರಿ. ಅವರು ನುಡಿಸುವ ಕೃತಿಗಳು ಅಚ್ಚಾದ ಪುಸ್ತಕಗಳಲ್ಲಿ ಇವೆ. ಆದರೆ ಅವರ ಗುರುಗಳು ಹೇಳಿಕೊಟ್ಟ ಸಂಗತಿಗಳು ನಾನು ನೋಡಿದ ಯಾವ ಪುಸ್ತಕದಲ್ಲಿಯೂ ಸಿಗಲಿಲ್ಲ. ಎರಡು ವರ್ಷಗಳಿಂದ ಅವರ ಎಡಗೈಯ ನಡುಬೆರಳು ಬಾಗುತ್ತಿಲ್ಲ. ಸಂಕ್ರಾಂತಿಯ ಹೊತ್ತಿಗೆ ಎರಡು ಕೃತಿಗಳನ್ನು ನುಡಿಸುವುದನ್ನೇ ಬಿಟ್ಟರು. ಕೇಳಿದರೆ “ಬೆರಳು ಮಾತು ಕೇಳೋಲ್ಲ ಕಣೋ” ಎನ್ನುತ್ತಾರೆ. ನಾನು ಕಲಾವಿಭಾಗದ ವಿದ್ಯಾರ್ಥಿ. ಕೇಳಿದ ಕೂಡಲೇ ಸ್ವರ ಹಾಕಿ ಬರೆಯುವಷ್ಟು ಸಂಗೀತ ನನಗೆ ಬಾರದು. ನಾದವನ್ನು ಕೇಳಿ ತಾನೇ ಸ್ವರ ಬರೆಯುವ ಯಂತ್ರವುಂಟೆಂದು ತಿಳಿದಾಗ, ದೇವರೇ ಕಳುಹಿಸಿದ ಗುಮಾಸ್ತ ಸಿಕ್ಕಿದನೆಂದು ಹಿಗ್ಗಿದೆ. ಗುಮಾಸ್ತನ ಯೋಗ್ಯತೆ ತಿಳಿದದ್ದು ಆಮೇಲೆ.

‘ಮಿಡಿ’ ಎಂದ ಕೂಡಲೇ ನಮಗೆ ಉಪ್ಪಿನಕಾಯಿಯ ಮಾವಿನ ಮಿಡಿ ನೆನಪಾದೀತು. ತಂತಿಯನ್ನು ಮಿಡಿಯುವ ಮಾತೂ ನೆನಪಾದೀತು. ಇಲ್ಲಿ ಹೇಳಹೊರಟಿರುವ ‘ಮಿಡಿ’ ಎರಡೂ ಅಲ್ಲ. ‘ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್’ ಎಂಬ ಉದ್ದನೆಯ ಹೆಸರಿನ ಮೊದಲಕ್ಷರಗಳಿಂದ ಆದ ಹ್ರಸ್ವನಾಮವಿದು. ಬೇರೆ ಬೇರೆ ಕಾರ್ಖಾನೆಗಳ ವಿದ್ಯುತ್ ವಾದ್ಯಗಳು ಒಂದರೊಡನೊಂದು ಮಾತನಾಡಲೆಂದು ೧೯೮೩ರಲ್ಲಿ ಈ ಸಂಕೇತಭಾಷೆ ಬಳಕೆಗೆ ಬಂದಿತು. ಇದರಲ್ಲಿ ನಾದವಿಲ್ಲ, ಆಜ್ಞೆಗಳು ಮಾತ್ರ ಇವೆ. ‘ಇಂಥ ಸಂಖ್ಯೆಯ ಸ್ವರ ಇಷ್ಟು ಜೋರಾಗಿ ಆರಂಭವಾಗಲಿ’, ‘ಆ ಸ್ವರ ನಿಲ್ಲಲಿ’ ಎಂಬಂಥವು. ಸ್ವರಗಳಿಗೆ ೦ಯಿಂದ ೧೨೭ರ ವರೆಗೆ ಸಂಖ್ಯೆಗಳಿವೆ. ಸೆಕೆಂಡಿಗೆ ೪೪೦ ಸಲ ಕಂಪಿಸುವ ಸ್ವರದ ಸಂಖ್ಯೆ ೬೯. ಹಾರ್ಮೋನಿಯಮ್ಮಿನಂಥ ಮನೆಗಳುಳ್ಳ ವಾದ್ಯಕ್ಕೆ ಈ ಭಾಷೆ ಹೇಳಿ ಮಾಡಿಸಿದಂತಿದೆ. ಮನೆ ಒತ್ತಿದರೆ ಸ್ವರ ಆರಂಭ, ಬಿಟ್ಟರೆ ಮುಕ್ತಾಯ. ಸಂಶಯಕ್ಕೆ ಆಸ್ಪದವೇ ಇಲ್ಲ.

ತಂತಿವಾದ್ಯಕ್ಕಾದರೋ ಒತ್ತುವ ಗುಂಡಿಯಿಲ್ಲ. ತಂತಿಯ ನಾದವನ್ನು ಕೇಳಿ, ಅದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತಿದೆಯೆಂದು ಲೆಕ್ಕಹಾಕಿ, ಹತ್ತಿರದ ಸ್ವರಸಂಖ್ಯೆಯನ್ನು ಯಂತ್ರವೇ ಊಹಿಸಬೇಕು. ಈ ಊಹೆಯ ಕೆಲಸ ಬಹುಮಟ್ಟಿಗೆ ಬೆಳೆದುಬಂದುದು ಗಿಟಾರಿನ ನೆರಳಿನಲ್ಲಿ. ಆದುದರಿಂದ ಇಂಥ ಯಂತ್ರಗಳು ನಮ್ಮ ಮನೆಗೆ ಬರುವಾಗ ಗಿಟಾರನ್ನೇ ನಿರೀಕ್ಷಿಸಿಕೊಂಡು ಬರುತ್ತವೆ. ವೀಣೆ ಅವಕ್ಕೆ ಅಪರಿಚಿತ ವಾದ್ಯ.

ವೀಣೆಯ ಅಂಗಗಳನ್ನು ಒಮ್ಮೆ ನೆನಪಿಸಿಕೊಳ್ಳೋಣ. ದಂಡಿಯ ಮೇಲೆ ಮೇಣದಲ್ಲಿ ನಿಲ್ಲಿಸಿದ ೨೪ ಮೆಟ್ಟಿಲುಗಳು. ಅಂದರೆ ಒಂದೊಂದು ತಂತಿಗೆ ಎರಡು ಸ್ಥಾಯಿ. ನುಡಿಸುವ ತಂತಿಗಳು ನಾಲ್ಕು: ಸಾರಣಿ, ಪಂಚಮ, ಮಂದ್ರ, ಅನುಮಂದ್ರ. ಪಕ್ಕದಲ್ಲಿ ತಾಳಕ್ಕೆ ಮೂರು ತಂತಿಗಳು. ಕೊಡದ ಮೇಲೆ, ಲೋಹದ ತಗಡು ಹೊದಿಸಿದ ಅಗಲವಾದ ಕುದುರೆ. ಅಜ್ಜಿಯ ಶ್ರುತಿ ಹಾರ್ಮೋನಿಯಮ್ಮಿನ ಮೂರನೆಯ ಬಿಳಿ ಮನೆಯ ಆಸುಪಾಸಿನದು. ಆ ಶ್ರುತಿಯಲ್ಲಿ ಸಾರಣಿಯ ಷಡ್ಜ ಸೆಕೆಂಡಿಗೆ ಸುಮಾರು ೧೬೫ ಕಂಪನಗಳದು, ಪಂಚಮ ೧೨೪, ಮಂದ್ರ ಷಡ್ಜ ೮೨, ಅನುಮಂದ್ರ ಪಂಚಮ ೬೨. ಈ ಅಂಕಿಗಳು ಮುಂದೆ ಪ್ರಯೋಜನಕ್ಕೆ ಬರುತ್ತವೆ.

ಮೊದಲ ವಾರ ನಾನು ಮಾಡಿದುದೆಲ್ಲ ತಪ್ಪು. ಯಂತ್ರ ತಪ್ಪು ಬರೆದಾಗಲೆಲ್ಲ ಅದರ ಹತ್ತಾರು ಗುಂಡಿಗಳನ್ನು ಒಟ್ಟಿಗೇ ತಿರುಗಿಸಿದೆ. ಒಂದು ದೋಷ ಹೋದರೆ ಇನ್ನೆರಡು ಬರುತ್ತಿದ್ದವು. ನಮ್ಮ ಭೌತಶಾಸ್ತ್ರದ ಅಧ್ಯಾಪಕರಲ್ಲಿ ಹೇಳಿಕೊಂಡಾಗ ಅವರು ನಕ್ಕು, “ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿಮ್ಮಲ್ಲಿ ಡೊಂಕಾಗಿರುವುದು ನೆಲವೋ ಕಾಲೋ ಮೊದಲು ನೋಡಿ” ಎಂದರು. ಅವರು ಹೇಳಿಕೊಟ್ಟ ಕ್ರಮ ಸರಳವಾದುದು. ಮೊದಲು ವಾದ್ಯವನ್ನು ಪರೀಕ್ಷಿಸತಕ್ಕದ್ದು. ಆಮೇಲೆ ಕೋಣೆ, ತಂತಿ, ವಿದ್ಯುತ್ತು. ಅದಾದ ಮೇಲೆ ಯಂತ್ರದ ಊಹೆಗಳು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ಫಲವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡತಕ್ಕದ್ದು. ರಾಗಕ್ಕೆ ಕೈಹಾಕುವ ಮುಂಚೆ ಬಿಡಿತಂತಿಯ ಒಂದೇ ಒಂದು ಮೀಟನ್ನು ಯಂತ್ರ ಸರಿಯಾಗಿ ಓದುವಂತಾಗಬೇಕು.

ಮೊದಲ ಪರೀಕ್ಷೆಯಲ್ಲಿಯೇ ನಮ್ಮ ಕಾಲು ಡೊಂಕೆಂದು ತಿಳಿಯಿತು. ಅಜ್ಜಿ ಶ್ರುತಿ ಮಾಡುವುದು ತಮ್ಮ ಕಿವಿಗೆ ಹಿತವಾಗುವಂತೆ. ಯಾವ ಹಾರ್ಮೋನಿಯಮ್ಮಿನ ಹಂಗೂ ಅವರಿಗಿಲ್ಲ. ಅಳೆದು ನೋಡಿದರೆ ಅವರ ಷಡ್ಜವು ಮೂರನೆಯ ಬಿಳಿ ಮನೆಗಿಂತ ೪೦ ಸೆಂಟಿನಷ್ಟು ಮೇಲಿತ್ತು. ಒಂದು ಮೆಟ್ಟಿಲಿಗೂ ಮುಂದಿನದಕ್ಕೂ ನಡುವೆ ಇರುವ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟು. ೪೦ ಸೆಂಟೆಂದರೆ ಷಡ್ಜವು ಎರಡು ಮನೆಗಳ ನಡುವಿನ ಗೋಡೆಯ ಹತ್ತಿರ ನಿಂತಂತಾಯಿತು. ತಂತಿ ತುಸು ಅಲುಗಿದರೂ ಯಂತ್ರವು ಒಮ್ಮೆ ಈ ಮನೆ, ಒಮ್ಮೆ ಆ ಮನೆ ಎಂದು ಬರೆಯುತ್ತಿತ್ತು. ಬಿರಡೆಯನ್ನು ಸ್ವಲ್ಪ ಸಡಿಲಿಸಿ ಷಡ್ಜವನ್ನು ಮನೆಯ ಮಧ್ಯಕ್ಕೆ ತಂದೆವು. ಅರ್ಧಕ್ಕರ್ಧ ತಪ್ಪುಗಳು ಅಲ್ಲಿಗೇ ನಿಂತವು. ಇನ್ನೊಂದು ಮೆಟ್ಟಿಲು ಮಾತ್ರ ಯಾವಾಗಲೂ ಕಡಮೆ ಓದುತ್ತಿತ್ತು. ಯಂತ್ರವನ್ನು ಬೈದು ಸುಮ್ಮನಾಗುವುದರಲ್ಲಿದ್ದೆ. ಅಜ್ಜಿ ಬೆರಳಾಡಿಸಿ, “ಮೇಣ ಕುಸಿದಿದೆ, ಅದು ಸರಿಯಾಗೇ ಹೇಳ್ತಿದೆ” ಎಂದರು. ಅವರ ಬೆರಳು ಎಷ್ಟೋ ವರ್ಷಗಳಿಂದ ಆ ಮೆಟ್ಟಿಲಿನ ಮೇಲೆ ತಂತಿಯನ್ನು ತುಸು ಎಳೆದು ಕೊರತೆಯನ್ನು ತುಂಬಿಕೊಳ್ಳುತ್ತಿತ್ತಂತೆ, ಯಾರಿಗೂ ತಿಳಿದಿರಲಿಲ್ಲ. ಮೇಳ ಕಟ್ಟುವವರಿಂದ ಮೇಣವನ್ನು ಸರಿಮಾಡಿಸಿದೆವು.

ಇನ್ನು ಆ ಗಾಂಧಾರದ ವಿಚಾರ. ವೀಣೆಯ ಕೊಡಕ್ಕೆ ಅಂಟಿಸುವ ಚಿಕ್ಕ ಬಿಲ್ಲೆಯಂಥ ಪಿಕಪ್ಪಿನಿಂದ ನಾವು ನಾದವನ್ನು ತೆಗೆದುಕೊಳ್ಳುತ್ತಿದ್ದೆವು. ಗಿಟಾರಿನ ಅಯಸ್ಕಾಂತದ ಪಿಕಪ್ಪು ನಮಗೆ ಒಗ್ಗದು. ಅದು ಉಕ್ಕಿನ ತಂತಿಯ ಚಲನೆಯನ್ನು ಮಾತ್ರ ಅರಿಯಬಲ್ಲುದು. ಅಜ್ಜಿಯ ಮಂದ್ರ ಅನುಮಂದ್ರಗಳು ಹಿತ್ತಾಳೆಯವು, ಅದರ ಪಾಲಿಗೆ ಇಲ್ಲದಂತೆಯೇ. ಬಿಲ್ಲೆಯ ಪಿಕಪ್ಪಾದರೋ ಮರದ ಅದುರುವಿಕೆಯನ್ನೇ ಹಿಡಿಯುವುದರಿಂದ ಲೋಹಭೇದವಿಲ್ಲ. ಆದರೆ ಅದಕ್ಕೊಂದು ದುರ್ಗುಣವುಂಟು. ಅದರ ವಿದ್ಯುತ್ ಸಂಕೇತ ಬಹು ದುರ್ಬಲವಾದುದರಿಂದ ಅದರ ವಯರು ಅಕ್ಕಪಕ್ಕದ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯನ್ನೂ ಸುಲಭವಾಗಿ ಎಳೆದುಕೊಳ್ಳುತ್ತದೆ.

ಒಂದು ಸಂಜೆ ಮಳೆಗಾಳಿಗೆ ಕರೆಂಟು ಹೋಯಿತು. ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ನಡೆಯುತ್ತಿತ್ತು. ದೀಪದ ಬೆಳಕಿನಲ್ಲಿ ಅಜ್ಜಿ ಕಲ್ಯಾಣಿಯನ್ನೇ ಮತ್ತೊಮ್ಮೆ ನುಡಿಸಿದರು. ಬರೆಹವನ್ನು ನೋಡಿದರೆ ಒಂದೇ ಒಂದು ಸಾಧಾರಣ ಗಾಂಧಾರವೂ ಇಲ್ಲ! ಕರೆಂಟು ಬಂದು ಚಾರ್ಜರನ್ನು ಸಿಕ್ಕಿಸಿದೊಡನೆ ಗಾಂಧಾರವೂ ಬಂದಿತು. ಲೆಕ್ಕ ಹಾಕಿದಾಗ ರಹಸ್ಯ ಬಯಲಾಯಿತು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದು. ಅದರ ಗುಂಯ್‌ಗುಟ್ಟುವಿಕೆಯಲ್ಲಿ ೫೦, ೧೦೦, ೧೫೦ ಹೀಗೆ ಮಡಿಗಳೂ ಸೇರಿರುತ್ತವೆ. ನಮ್ಮ ಮಂದ್ರ ಷಡ್ಜ ೮೨ ಆದರೆ ಅದರ ಸಾಧಾರಣ ಗಾಂಧಾರ ಅದರ ಆರೈದಂಶ, ಅಂದರೆ ೯೯ರ ಹತ್ತಿರ. ಗೋಡೆಯ ಪ್ಲಗ್ಗಿನಲ್ಲಿ ಹರಿಯುವ ವಿದ್ಯುತ್ತು ಅಜ್ಜಿಯ ಶ್ರುತಿಗೆ ಸಾಧಾರಣ ಗಾಂಧಾರವನ್ನೇ ಹಾಡುತ್ತಿತ್ತು! ವೀಣೆ ನುಡಿಯುವಾಗ ಅದು ಅಡಗಿರುತ್ತಿತ್ತು. ನಾದ ಇಳಿದೊಡನೆ ಮೇಲೇಳುತ್ತಿತ್ತು. ನಾನು ಅಜ್ಜಿಯ ಬಳಿಗೆ ಓಡಿ, “ಅಜ್ಜಿ, ಗಾಂಧಾರ ತುರುಕಿದೋನು ಸಿಕ್ಕಿದ, ಕರೆಂಟು!” ಎಂದೆ. “ಅದಕ್ಕೇ ನಾನು ದೀಪ ಹಚ್ಚಿ ನುಡಿಸ್ತಿದ್ದದ್ದು” ಎಂದುಬಿಟ್ಟರು.

ಈ ದೋಷವನ್ನು ಸೋಸುಕದಿಂದ ತೆಗೆಯಬಾರದೇಕೆ ಎಂದು ಕೇಳಬಹುದು. ೫೦ನ್ನು ಸೋಸಬಹುದು, ವೀಣೆಯ ಅತಿ ಕೆಳಗಿನ ಸ್ವರವೇ ೬೨. ಆದರೆ ೧೦೦ನ್ನು ಸೋಸಿದರೆ ಮಂದ್ರ ತಂತಿಯ ಮೊದಲ ಮೆಟ್ಟಿಲುಗಳೂ ಅದರೊಡನೆ ಹೋಗುತ್ತವೆ. ಆದುದರಿಂದ ಮೂಲದಲ್ಲಿಯೇ ತಡೆಯಬೇಕು: ಬರೆಸುವಾಗ ಚಾರ್ಜರನ್ನು ಕಿತ್ತಿಡಬೇಕು, ಲೋಹದ ಕವಚವುಳ್ಳ ಗಿಡ್ಡ ವಯರನ್ನು ಬಳಸಬೇಕು, ಪಿಕಪ್ಪಿನ ಪಕ್ಕದಲ್ಲಿ ಟ್ಯೂಬ್‌ಲೈಟು ಫ್ಯಾನುಗಳು ಇರಬಾರದು.

ಮೂರನೆಯ ತೊಡಕು ವೀಣೆಯ ಸೌಜನ್ಯದ್ದು. ವೀಣೆಯಲ್ಲಿ ಯಾವ ತಂತಿಯೂ ಒಂಟಿಯಾಗಿ ನುಡಿಯುವುದಿಲ್ಲ. ಸಾರಣಿಯಲ್ಲಿ ಷಡ್ಜವನ್ನು ಮೀಟಿದರೆ ತಾಳದ ತಂತಿಗಳೂ ತಾವಾಗಿಯೇ ಮರುನುಡಿಯುತ್ತವೆ. ಕೇಳುವವರಿಗೆ ಇದು ತುಂಬುನಾದ; ಒಂದು ಹೊತ್ತಿಗೆ ಒಂದೇ ಸ್ವರವನ್ನು ನಿರೀಕ್ಷಿಸುವ ಯಂತ್ರಕ್ಕೆ ಸಂತೆಯ ಗದ್ದಲ. ಅದಕ್ಕೆ ಜೊತೆಯಾಗಿ ಕಿರುಬೆರಳಿನಿಂದ ಹಾಕುವ ತಾಳ, ಪಕ್ಕದಲ್ಲಿ ಶ್ರುತಿಪೆಟ್ಟಿಗೆ. ಬರೆಸುವ ಹೊತ್ತಿಗೆ ಮಾತ್ರ ತಾಳದ ತಂತಿಗಳ ಮಧ್ಯೆ ಮೆತ್ತನೆಯ ಬಟ್ಟೆಯನ್ನು ನೇಯ್ದಂತೆ ಸಿಕ್ಕಿಸಿದೆವು. ಶ್ರುತಿಪೆಟ್ಟಿಗೆಯ ನಾದವನ್ನು ಅಜ್ಜಿಯ ಕಿವಿಗೆ ಇಯರ್‌ಫೋನಿನಲ್ಲಿ ಕೊಟ್ಟೆವು. ಅಜ್ಜಿಗೆ ಇದು ಸರಿಬೀಳಲಿಲ್ಲ. ಬಾಯಿಗೆ ಬಟ್ಟೆ ತುರುಕಿ ಹಾಡೆಂದ ಹಾಗಾಯಿತು ಎಂದರು. ಆದುದರಿಂದ ಪ್ರತಿಯೊಂದು ಕೃತಿಯನ್ನೂ ಎರಡು ಸಲ ನುಡಿಸುವುದೆಂದು ಒಪ್ಪಂದವಾಯಿತು: ಒಮ್ಮೆ ಯಂತ್ರಕ್ಕೆ, ಒಮ್ಮೆ ತಮಗಾಗಿ.

ನಾಲ್ಕನೆಯದು ಸ್ಥಾಯಿಯ ಗೊಂದಲ. ಮಧ್ಯಸ್ಥಾಯಿಯ ಸ್ವರವನ್ನು ಯಂತ್ರವು ತಾರದಲ್ಲಿ ಬರೆಯುವುದು, ಅಥವಾ ನಾದ ಇಳಿಯುತ್ತಿರುವಾಗ ತಟಕ್ಕನೆ ಒಂದು ಸ್ಥಾಯಿ ಮೇಲಕ್ಕೆ ಹಾರುವುದು. ಇದಕ್ಕೆ ಕಾರಣವನ್ನು ಹುಡುಕಿಕೊಂಡು ಹೋದರೆ ನಮ್ಮ ಸಿ.ವಿ. ರಾಮನ್ನರ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಮೀಟಿದ ತಂತಿಯು ಇಡಿಯಾಗಿ ಕಂಪಿಸುವುದಲ್ಲದೆ ಎರಡು, ಮೂರು, ನಾಲ್ಕು ಪಾಲುಗಳಾಗಿಯೂ ಕಂಪಿಸುತ್ತದೆ. ಈ ಪಾಲುಗಳ ನಾದವನ್ನೇ ನಮ್ಮವರು ಸ್ವಯಂಭೂ ಸ್ವರಗಳೆಂದು ಕರೆದಿದ್ದಾರೆ. ಯಂಗ್ ಎಂಬ ವಿಜ್ಞಾನಿಯ ನಿಯಮದಂತೆ, ಒಂದು ಸ್ವಯಂಭೂ ಸ್ವರವು ತಂತಿಯ ಯಾವ ಬಿಂದುವಿನಲ್ಲಿ ನಿಶ್ಚಲವಾಗಿರುವುದೋ ಅಲ್ಲಿಯೇ ಮೀಟಿದರೆ ಆ ಸ್ವರ ಹುಟ್ಟಕೂಡದು. ರಾಮನ್ನರು ೧೯೨೧ರಲ್ಲಿ ಕಲ್ಕತ್ತೆಯಲ್ಲಿದ್ದಾಗ ಭಾರತದ ತಂತಿವಾದ್ಯಗಳನ್ನು ಕುರಿತು ಪ್ರಕಟಿಸಿದ ಪ್ರಬಂಧದಲ್ಲಿ, ವೀಣೆಯೂ ತಂಬೂರಿಯೂ ಈ ನಿಯಮವನ್ನು ಪಾಲಿಸುವುದಿಲ್ಲವೆಂದು ತೋರಿಸಿಕೊಟ್ಟರು. ಹುಟ್ಟಬಾರದ ಸ್ವರಗಳು ಇವುಗಳಲ್ಲಿ ಸ್ಪಷ್ಟವಾಗಿ ಕೇಳಿಸುತ್ತವೆ. ಇದಕ್ಕೆ ಕಾರಣ ಕುದುರೆ. ಪಿಟೀಲಿನ ಕುದುರೆಯಂತೆ ಚೂಪಾದ ಅಂಚಾಗಿರದೆ ಅಗಲವಾಗಿ ನವಿರಾಗಿ ಬಾಗಿರುವುದರಿಂದ, ತಂತಿಯು ಕಂಪಿಸುವಾಗ ಅದರ ಮೇಲ್ಮೈಯನ್ನು ಸವರುತ್ತ ಏಳುತ್ತ ಇರುತ್ತದೆ. ವೀಣೆಯ ನಾದದ ಜೀವವಿರುವುದು ಈ ಸವರಾಟದಲ್ಲಿ. ನಮ್ಮ ಯಂತ್ರ ತಪ್ಪುವುದೂ ಇಲ್ಲಿಯೇ. ಎಲ್ಲಕ್ಕಿಂತ ಜೋರಾದುದೇ ಮುಖ್ಯ ಸ್ವರವೆಂದು ತಿಳಿಯುವ ಯಂತ್ರವು, ಎರಡನೆಯ ಸ್ವಯಂಭೂ ಸ್ವರ ಜೋರಾಗಿರುವಾಗ ಅದನ್ನೇ ಯಜಮಾನನೆಂದು ಬಗೆದು ಒಂದು ಸ್ಥಾಯಿ ಮೇಲೆ ಬರೆಯುತ್ತದೆ.

ಪರಿಹಾರವೇನು? ಜೋರನ್ನು ನೋಡದೆ ಪುನರಾವೃತ್ತಿಯನ್ನು ನೋಡುವ ವಿಧಾನವನ್ನು ಆರಿಸಿಕೊಳ್ಳಬೇಕು. ಇದನ್ನು ಸೀರೆಯ ಅಂಚಿನ ದೃಷ್ಟಾಂತದಿಂದ ತಿಳಿಯಬಹುದು. ರೇಷ್ಮೆ ಸೀರೆಯ ಅಂಚಿನಲ್ಲಿ ಹಂಸ, ಹೂವು, ಚುಕ್ಕಿಗಳ ಒಂದು ಚಿತ್ತಾರ ಮತ್ತೆ ಮತ್ತೆ ಬರುತ್ತದೆ. ಅದೇ ಅಂಚಿನ ಇನ್ನೊಂದು ತುಂಡನ್ನು ಅದರ ಮೇಲಿಟ್ಟು ಮೆಲ್ಲಗೆ ಸರಿಸುತ್ತ ಹೋದರೆ, ಒಂದು ಚಿತ್ತಾರದಷ್ಟು ದೂರ ಸರಿದಾಗ ಎರಡೂ ಮತ್ತೆ ಒಂದರ ಮೇಲೊಂದು ಕೂಡುತ್ತವೆ. ಒಳಗೆ ಎಷ್ಟು ಹೂವು ಚುಕ್ಕಿಗಳಿದ್ದರೂ ಚಿಂತೆಯಿಲ್ಲ. ಚಿತ್ತಾರದ ಅಳತೆ ಸಿಕ್ಕಿತು. ನಾದದ ಅಲೆಯನ್ನೂ ಹೀಗೆಯೇ ಅದರ ಮೇಲೆ ಅದನ್ನೇ ಸರಿಸಿ ನೋಡಬಹುದು. ಆದರೆ ಎರಡು ಚಿತ್ತಾರದಷ್ಟು ಸರಿಸಿದರೂ ಅಂಚು ಕೂಡುತ್ತದಲ್ಲವೆ? ಆಗ ಯಂತ್ರವು ಒಂದು ಸ್ಥಾಯಿ ಕೆಳಗೆ ಬರೆಯುತ್ತದೆ. ಇಂಥ ತಪ್ಪುಗಳನ್ನು ಬಹಳಮಟ್ಟಿಗೆ ತಗ್ಗಿಸುವ ‘ಯಿನ್’ ಎಂಬ ವಿಧಾನವನ್ನು ೨೦೦೨ರಲ್ಲಿ ಡ ಶೆವೆನ್ಯೆ ಮತ್ತು ಕವಹರ ಎಂಬವರು ಪ್ರಕಟಿಸಿದರು. ನಾವು ಅದನ್ನೇ ಬಳಸಿದೆವು. ಮೀಟು ಬಿದ್ದ ಕ್ಷಣದ ಉಗುರಿನ ಸದ್ದನ್ನೂ, ಇಳಿದುಹೋದ ನಾದದ ಬಾಲವನ್ನೂ ಎಣಿಸದಂತೆ ಯಂತ್ರಕ್ಕೆ ಹೇಳಿದೆವು. ಸ್ಥಾಯಿಯ ಹಾರಾಟ ಬಹುಪಾಲು ನಿಂತಿತು.

ಸೀರೆಯ ದೃಷ್ಟಾಂತದಿಂದಲೇ ಐದನೆಯ ದೋಷವೂ ತಿಳಿಯುತ್ತದೆ. ಚಿತ್ತಾರ ಪುನರಾವೃತ್ತಿಯಾಗುತ್ತಿದೆಯೆಂದು ಹೇಳಬೇಕಾದರೆ ಅಂಚಿನಲ್ಲಿ ಎರಡು ಚಿತ್ತಾರಗಳನ್ನಾದರೂ ನೋಡಬೇಕು. ಅನುಮಂದ್ರ ಪಂಚಮದ ಒಂದು ಅಲೆಗೆ ೧೬ ಮಿಲಿಸೆಕೆಂಡು, ಎರಡಕ್ಕೆ ೩೨. ಯಂತ್ರವು ಸೆಕೆಂಡಿಗೆ ೪೪,೧೦೦ ಸಲ ನಾದವನ್ನು ಅಳೆದು, ೧,೦೨೪ ಅಳತೆಗಳನ್ನು ಒಂದು ಕಂತಾಗಿ ನೋಡುತ್ತಿತ್ತು. ಅಂದರೆ ಕಂತಿಗೆ ೨೩ ಮಿಲಿಸೆಕೆಂಡು. ಆ ಕಿಟಕಿಯೊಳಗೆ ಅನುಮಂದ್ರದ ಒಂದೂವರೆ ಅಲೆಯೂ ಹಿಡಿಸದು. ಅಲ್ಲದೆ ೮೦ಕ್ಕಿಂತ ಕೆಳಗಿನ ಕಂಪನವನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಏಕೆಂದರೆ ಗಿಟಾರಿನ ಅತಿ ಕೆಳಗಿನ ತಂತಿ ೮೨ರದು! ಕಂತನ್ನು ೪,೦೯೬ಕ್ಕೆ ಹಿಗ್ಗಿಸಿ, ಕೆಳಗಿನ ಎಲ್ಲೆಯನ್ನು ೫೫ಕ್ಕೆ ಇಳಿಸಿದಾಗ ಅನುಮಂದ್ರ ಸರಿಯಾಗಿ ಓದಿಸಿತು. ಆದರೆ ಕಂತು ೯೩ ಮಿಲಿಸೆಕೆಂಡಾದುದರಿಂದ ಸಾರಣಿಯ ಚುರುಕಾದ ಓಡಾಟ ಮಸುಕಾಯಿತು. ಒಂದನ್ನು ಪಡೆದರೆ ಇನ್ನೊಂದನ್ನು ಕಳೆದುಕೊಳ್ಳಬೇಕು. ಒಡನೊಡನೆ ಬರೆಯಬೇಕೆಂಬ ಹಟವನ್ನು ನಾವು ಬಿಟ್ಟೆವು. ಮೊದಲು ನಾದವನ್ನು ಮಾತ್ರ ಮುದ್ರಿಸಿಕೊಂಡು, ಆಮೇಲೆ ಮಂದ್ರದ ಭಾಗಗಳನ್ನು ಉದ್ದ ಕಂತಿನಿಂದಲೂ ಮೇಲಿನ ಭಾಗಗಳನ್ನು ಗಿಡ್ಡ ಕಂತಿನಿಂದಲೂ ಓದಿಸಿದೆವು. ಕಚೇರಿಯಲ್ಲಿ ಯಂತ್ರವನ್ನು ಜೊತೆಗೆ ನುಡಿಸಬೇಕೆನ್ನುವವರಿಗೆ ಈ ಸೌಕರ್ಯವಿಲ್ಲ, ಬರೆದಿಡಬೇಕೆನ್ನುವವರಿಗೆ ಅವಸರವೇನು?

ಇಷ್ಟಾದ ಮೇಲೆ ಕಲ್ಯಾಣಿಯ ಬರೆಹ ಓದುವ ಹಾಗಾಯಿತು. ಉತ್ಸಾಹದಿಂದ ತೋಡಿಗೆ ಹೋದೆವು. ಅಲ್ಲಿ ಎಲ್ಲವೂ ಮತ್ತೆ ಕುಸಿದುಬಿತ್ತು. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ. ಅಜ್ಜಿ ಒಂದೇ ಮೀಟಿನಲ್ಲಿ ತಂತಿಯನ್ನು ಎಳೆದು ಬಿಟ್ಟು ಎಳೆದು, ರಿಷಭದ ಕಡೆಯಿಂದ ಮಧ್ಯಮದ ಕಡೆಗೆ ತೂಗಿಸುತ್ತಾರೆ. ಕೇಳುವವರಿಗೆ ಅದೆಲ್ಲ ಸೇರಿ ಒಂದು ಗಾಂಧಾರ. ಯಂತ್ರವಾದರೋ ರಿ ಗ ಮ ಗ ರಿ ಗ ಮ ಎಂದು ಸಣ್ಣ ಸಣ್ಣ ಸ್ವರಗಳ ರಾಶಿಯನ್ನೇ ಸುರಿದಿತ್ತು. ಹಾಳೆ ಕೋಳಿ ಕೆದಕಿದ ತಿಪ್ಪೆಯಂತಿತ್ತು.

‘ಮಿಡಿ’ಯಲ್ಲಿ ಇದಕ್ಕೂ ಒಂದು ಏರ್ಪಾಡುಂಟು. ಸ್ವರವನ್ನು ಒಮ್ಮೆ ಆರಂಭಿಸಿ, ಅನಂತರ ಅದನ್ನು ಮೇಲಕ್ಕೋ ಕೆಳಕ್ಕೋ ಬಾಗಿಸುವ ಆಜ್ಞೆ. ಈ ಬಾಗನ್ನು ೧೬,೩೮೪ ಹೆಜ್ಜೆಗಳಾಗಿ ಒಡೆದಿದ್ದಾರೆ. ಸಾಮಾನ್ಯವಾಗಿ ವಾದ್ಯಗಳು ಒಂದೊಂದು ದಿಕ್ಕಿಗೆ ಎರಡು ಮೆಟ್ಟಿಲಷ್ಟೇ ಬಾಗುವಂತೆ ಮೊದಲೇ ಗೊತ್ತುಪಡಿಸಿರುತ್ತವೆ. ವೀಣೆಯ ಎಳೆತಕ್ಕೆ ಇದು ಎಲ್ಲಿ ಸಾಕು? ನಾಲ್ಕೈದು ಮೆಟ್ಟಿಲುಗಳ ದೂರವನ್ನು ಒಂದೇ ಮೆಟ್ಟಿಲಿನ ಮೇಲೆ ಎಳೆದು ತೋರಿಸುವುದು ವೈಣಿಕರಿಗೆ ನಿತ್ಯದ ಕೆಲಸ. ಹನ್ನೆರಡು ಮೆಟ್ಟಿಲಿಗೆ ಹಿಗ್ಗಿಸಿದರೂ ಒಂದು ಹೆಜ್ಜೆ ಒಂದು ಸೆಂಟಿನ ಏಳನೆಯ ಒಂದು ಪಾಲಿನಷ್ಟೇ, ನವಿರಿಗೆ ಕೊರತೆಯಿಲ್ಲ. ಆದರೆ ಎಚ್ಚರಿಕೆ ಬೇಕು. ಕಳುಹಿಸುವ ಯಂತ್ರವೂ ನುಡಿಸುವ ಯಂತ್ರವೂ ಅದೇ ಅಳತೆಯನ್ನು ಒಪ್ಪಿಕೊಂಡಿರಬೇಕು. ನಮ್ಮಲ್ಲಿ ಒಂದು ಹನ್ನೆರಡೆಂದು ತಿಳಿದು, ಇನ್ನೊಂದು ಎರಡೆಂದು ತಿಳಿದುದರಿಂದ, ಅಜ್ಜಿ ಮೂರು ಮೆಟ್ಟಿಲು ಎಳೆದುದು ಅರ್ಧ ಮೆಟ್ಟಿಲಾಗಿ ನುಡಿಯಿತು. ತೋಡಿ ನೆಗಡಿ ಬಂದವರ ದನಿಯಂತೆ ಕೇಳಿಸಿತು. ಇನ್ನೊಂದು ಮಾತು. ಬಾಗಿನ ಆಜ್ಞೆ ಒಂದು ಸ್ವರಕ್ಕೆ ಮಾತ್ರವಲ್ಲದೆ ಆ ಸಾಲಿನ ಎಲ್ಲ ಸ್ವರಗಳಿಗೂ ತಗಲುತ್ತದೆ. ಸಾರಣಿಯನ್ನೆಳೆದರೆ ತಾಳದ ತಂತಿಯೂ ಜೊತೆಗೆ ಬಾಗಿದಂತೆ! ಒಂದೊಂದು ಸ್ವರಕ್ಕೂ ಬೇರೆ ಸಾಲನ್ನು ಕೊಡುವ ಪದ್ಧತಿಯನ್ನು ೨೦೧೮ರಲ್ಲಿ ‘ಮಿಡಿ’ಯ ನಿಯಮಗಳಿಗೆ ಸೇರಿಸಿದ್ದಾರೆ. ನಮಗೆ ಒಂದೇ ತಂತಿ ಸಾಕಾಗಿದ್ದುದರಿಂದ ಆ ತೊಂದರೆ ಬರಲಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯಿತು. ತೋಡಿಯ ಆ ತೂಗಾಟ ಯಾವ ಸ್ವರದಲ್ಲಿ ಆರಂಭವಾಯಿತು? ಎಲ್ಲಿ ಮುಗಿಯಿತು? ಯಂತ್ರಕ್ಕೆ ಒಂದು ಸಂಖ್ಯೆ ಬೇಕೇ ಬೇಕು. ಇಲ್ಲಿಯವರೆಗಿನ ಒಂದೊಂದು ದೋಷದಲ್ಲಿಯೂ ಯಂತ್ರವು ಇದ್ದುದನ್ನೇ ಕೇಳಿತ್ತು: ಕುಸಿದ ಮೇಣವನ್ನು, ಕರೆಂಟನ್ನು, ತಾಳದ ತಂತಿಯನ್ನು, ಕುದುರೆಯ ಸವರಾಟವನ್ನು. ನಾವು ಅವುಗಳನ್ನು ಮರೆತು ಕೇಳುತ್ತಿದ್ದೆವು, ಅಷ್ಟೆ. ಇಲ್ಲಿ ಮಾತ್ರ ತಪ್ಪು ಇದ್ದುದು ನಮ್ಮ ಪ್ರಶ್ನೆಯಲ್ಲಿ. ‘ಇದು ಯಾವ ಸ್ವರ?’ ಎಂದು ಕೇಳಬಾರದ ಕಡೆ ಕೇಳಿದ್ದೆವು. ಆದುದರಿಂದ ಗಮಕದ ಭಾಗಗಳಲ್ಲಿ ಸ್ವರಸಂಖ್ಯೆಯ ಆಸೆಯನ್ನೇ ಬಿಟ್ಟು, ನಾದದ ಏರಿಳಿತವನ್ನು ಗೆರೆಯಾಗಿ ಮಾತ್ರ ಬಿಡಿಸಲು ಯಂತ್ರಕ್ಕೆ ಹೇಳಿದೆವು. ಗೆರೆಯನ್ನು ಅಜ್ಜಿಗೆ ತೋರಿಸಿದಾಗ ಅವರು ಬೆರಳಿನಿಂದ ಅದನ್ನು ಹಿಂಬಾಲಿಸುತ್ತ ಹೋದರು. ಒಂದು ಕಡೆ ನಿಂತು, “ಇಲ್ಲಿ ನೋಡು, ಎರಡನೇ ಸಲ ಪೂರ್ತಿ ಎಳೆದಿಲ್ಲ. ನಮ್ಮ ಮೇಷ್ಟ್ರು ಹೀಗೇ ಹೇಳಿಕೊಟ್ಟಿದ್ದು, ಎರಡನೇದು ಗಿಡ್ಡ” ಎಂದರು. ಅವರ ಬಾಯಲ್ಲಿ ಆ ಮಾತನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಆ ಗೆರೆ ಇಲ್ಲದಿದ್ದರೆ ಮುಂದೆಯೂ ಕೇಳುತ್ತಿರಲಿಲ್ಲವೇನೋ.

ಇದೇ ಕಾಲದಲ್ಲಿ ನಮಗೆ ಇನ್ನೊಂದು ಪಾಠವೂ ದೊರೆಯಿತು. ಕೊಪ್ಪದ ಪಕ್ಕದಲ್ಲಿಯೇ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳಿರುವುದು ಎಲ್ಲರಿಗೂ ತಿಳಿದಿದೆ. ೧೯೬೦–೬೧ರಿಂದ ಅವರು ನಮ್ಮ ನೆರೆಯವರು. ಅಲ್ಲಿಯ ಗೆಳೆಯನೊಬ್ಬ ನಮ್ಮ ಪ್ರಯೋಗದ ಸುದ್ದಿ ಕೇಳಿ ತನ್ನ ದ್ರಾನ್ಯೆನ್ ವಾದ್ಯವನ್ನು ಹೊತ್ತು ತಂದ. ಆ ಹೆಸರಿಗೆ ಇಂಪಾದ ನಾದವೆಂದು ಅರ್ಥ. ಉದ್ದ ಕತ್ತಿನ, ಚರ್ಮ ಹೊದಿಸಿದ ವಾದ್ಯ, ಆರು ತಂತಿಗಳು ಎರಡೆರಡರ ಮೂರು ಜೋಡಿಗಳಾಗಿವೆ, ಮೆಟ್ಟಿಲುಗಳಿಲ್ಲ. ವೀಣೆಗೆ ಹೊಂದಿಸಿದ ಯಂತ್ರಕ್ಕೆ ಅದನ್ನು ಕೊಟ್ಟರೆ ಒಂದೇ ಮೀಟನ್ನು ಮೂರು ನಾಲ್ಕು ಸಲ ನುಡಿಸಿದಂತೆ ಬರೆಯಿತು. ಜೋಡಿಯ ಒಂದು ತಂತಿ ೨೨೦, ಇನ್ನೊಂದು ೨೨೨ ಇದ್ದರೆ ನಾದವು ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯುತ್ತದೆ. ಉಬ್ಬುವುದನ್ನು ಯಂತ್ರವು ಹೊಸ ಮೀಟೆಂದು ತಿಳಿಯುತ್ತಿತ್ತು. ಜೋಡಿಯಲ್ಲಿ ಒಂದಕ್ಕೆ ಬಟ್ಟೆ ಸಿಕ್ಕಿಸಿದಾಗ ಸರಿಯಾಯಿತು. ವೀಣೆಯಲ್ಲಿ ನಾದದ ಬಾಲವನ್ನು ಕತ್ತರಿಸಬೇಕಾಗಿತ್ತು. ಚರ್ಮದ ಮೇಲಿನ ನಾದ ಬೇಗನೆ ಆರುವುದರಿಂದ ಇಲ್ಲಿ ಇದ್ದ ಬಾಲವನ್ನೆಲ್ಲ ಉಳಿಸಿಕೊಳ್ಳಬೇಕಾಯಿತು. ಒಂದು ವಾದ್ಯದ ಔಷಧ ಇನ್ನೊಂದಕ್ಕೆ ಆಗಿಬರುವುದಿಲ್ಲ. ಅಜ್ಜಿ ಆ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಮೀಟಿ ನೋಡಿ, “ಮೆಟ್ಟಿಲಿಲ್ಲದೆ ಹೇಗಪ್ಪಾ ನುಡಿಸ್ತೀಯ?” ಎಂದು ಅವನನ್ನು ಕೇಳಿದರು. ಅವನು ಅವರ ವೀಣೆಯನ್ನು ತೋರಿಸಿ, “ಇಷ್ಟೊಂದು ಮೆಟ್ಟಿಲು ಇಟ್ಟುಕೊಂಡು ತಂತಿ ಯಾಕಜ್ಜಿ ಎಳೀತೀರ?” ಎಂದ. ಇಬ್ಬರೂ ಬಹಳ ಹೊತ್ತು ನಕ್ಕರು.

ರಜ ಮುಗಿಯುವುದರೊಳಗೆ ಏಳು ಕೃತಿಗಳು ಮುಗಿದವು. ಒಂದೊಂದಕ್ಕೂ ಮೂರು ದಾಖಲೆಗಳಿವೆ: ಅಜ್ಜಿ ತಮಗಾಗಿ ನುಡಿಸಿದ ನಾದಮುದ್ರಿಕೆ, ಗಮಕದ ಗೆರೆಗಳು, ಯಂತ್ರದ ಬರೆಹವನ್ನು ಮುಂದಿಟ್ಟುಕೊಂಡು ಅಜ್ಜಿ ಹೇಳಿದಂತೆ ನಾನು ಕೈಯಲ್ಲಿ ಬರೆದ ಸ್ವರಲಿಪಿ. ಇವುಗಳಲ್ಲಿ ಯಾವುದಾದರೂ ಒಂದನ್ನು ಮಾತ್ರ ಉಳಿಸಿಕೊಳ್ಳಬೇಕಾದರೆ ನಾನು ಮೊದಲನೆಯದನ್ನು ಆರಿಸುತ್ತೇನೆ. ಯಂತ್ರವನ್ನು ಇನ್ನಷ್ಟು ಸುಧಾರಿಸಿದವರು ಮುಂದೆ ಆ ನಾದದಿಂದಲೇ ನಮಗಿಂತ ಚೆನ್ನಾಗಿ ಬರೆದಾರು. ಬರೆಹದಿಂದ ನಾದವನ್ನು ಮರಳಿ ಪಡೆಯುವುದು ಯಾರಿಂದಲೂ ಆಗದು. ಸಂಕ್ರಾಂತಿಗೆ ಮೊದಲು ಬಿಟ್ಟುಹೋದ ಆ ಎರಡು ಕೃತಿಗಳು ನಮ್ಮ ಪಟ್ಟಿಯಲ್ಲಿಲ್ಲ. ಅವುಗಳ ಸಾಹಿತ್ಯವನ್ನು ಅಜ್ಜಿ ಹಾಡಿ ತೋರಿಸಿದರು. ವೀಣೆಯ ಸಂಗತಿಗಳನ್ನು ತೋರಿಸಲು ಬೆರಳು ಒಪ್ಪಲಿಲ್ಲ. ಒಂದು ವರ್ಷ ಮೊದಲು ಈ ಕೆಲಸವನ್ನು ಆರಂಭಿಸಿದ್ದರೆ ಒಂಬತ್ತು ಆಗುತ್ತಿದ್ದವು.

ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೇ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯ ಊರುಗಳಲ್ಲಿ ನೀಲಗಾರರ ತಂಬೂರಿಯುಂಟು, ಚೌಡಿಕೆಯುಂಟು. ಹಿರಿಯರ ಕೈಯಲ್ಲಿ ಇನ್ನೂ ಏನೇನಿವೆಯೋ. ರಜಕ್ಕೆ ಮನೆಗೆ ಹೋದಾಗ ಮೊದಲು ಅವುಗಳ ನಾದವನ್ನು ಮುದ್ರಿಸಿಕೊಳ್ಳಿ. ಅದಕ್ಕೆ ಜೇಬಿನಲ್ಲಿರುವ ಫೋನೇ ಸಾಕು. ಯಂತ್ರಕ್ಕೆ ಬರೆಸುವುದು ಆಮೇಲಿನ ಮಾತು. ಅದು ತಪ್ಪು ಬರೆದರೆ ಬೇಸರಪಡಬೇಡಿ. ಆ ತಪ್ಪಿನಲ್ಲಿ ಅದು ಏನನ್ನು ಕೇಳಿತೆಂದು ಹುಡುಕಿ. ಮತ್ತು ಮುದ್ರಿಸುವ ಮುಂಚೆ ಚಾರ್ಜರನ್ನು ಕಿತ್ತಿಡುವುದನ್ನು ಮರೆಯಬೇಡಿ.